ಲ್ಯಾಬಿನಿಂದ ಲೈಬ್ರರಿಗೆ ಒಂದು ಸಂಕ

ನಮ್ಮ ಕಂಪ್ಯೂಟರ್ ಲ್ಯಾಬಿನ ಹಿಂದಿನ ಕಿಟಕಿಯ ಕೆಳಗೆ, ಪ್ರಾಕ್ಟಿಕಲ್ ರೆಕಾರ್ಡುಗಳ ಕಪಾಟಿಗೆ ಒತ್ತಿಕೊಂಡು, ಬಣ್ಣ ಹಳದಿಗೆ ತಿರುಗಿದ ಒಂದು ಸಿಪಿಯು ಉಂಟು. ಗುಜರಿಗೆ ಹೋಗಬೇಕಿದ್ದ ಮೆಷಿನ್ ಅದು. ಅದರಲ್ಲಿ ಯಾರೂ ಪೈಥಾನ್ ಪ್ರೋಗ್ರಾಂ ಬರೆಯುವುದಿಲ್ಲ. ಅದರ ಮುಂದೆ ಒಂದು ಕುರ್ಚಿ ಕೂಡ ಇಲ್ಲ. ಆದರೆ ಅಂಗಳದ ಆಚೆ ಲೈಬ್ರರಿಯಲ್ಲಿರುವ ನಾಲ್ಕು ಕಂಪ್ಯೂಟರುಗಳಿಗೆ ಇಂಟರ್‌ನೆಟ್ ಹೋಗುವುದು ಅದರ ಹೊಟ್ಟೆಯ ಮೂಲಕವೇ. ಒಳಗೆ ಎರಡು ನೆಟ್‌ವರ್ಕ್ ಕಾರ್ಡುಗಳಿವೆ. ಒಂದಕ್ಕೆ ಲ್ಯಾಬಿನ ಸ್ವಿಚ್ಚಿನಿಂದ ಬಂದ ಕೇಬಲ್, ಇನ್ನೊಂದರಿಂದ ಲೈಬ್ರರಿಗೆ ಹೋಗುವ ಕೇಬಲ್. ಇವೆರಡರ ನಡುವೆ ಇರುವುದೇ ಬ್ರಿಡ್ಜ್.

ಬ್ರಿಡ್ಜ್ ಅಂದರೆ ಸೇತುವೆ ಎಂದು ಎಲ್ಲರಿಗೂ ಗೊತ್ತು. ನಾನು ಅದನ್ನು ಸಂಕ ಅನ್ನುತ್ತೇನೆ. ತೋಡಿಗೆ ಅಡ್ಡಲಾಗಿ ಅಡಿಕೆ ಮರದ ಕಾಂಡ ಹಾಕಿ ಕಟ್ಟುವ ಕಾಲುಸಂಕ ನಮ್ಮ ಕಡೆಯವರಿಗೆ ಹೊಸತಲ್ಲ. ಉಮ್ಮನ ತವರಿಗೆ ಹೋಗುವ ದಾರಿಯಲ್ಲಿ ಈಗಲೂ ಒಂದು ಉಂಟು. ಮಳೆಗಾಲಕ್ಕೆ ಮುಂಚೆ ಊರಿನವರು ಸೇರಿ ಕಟ್ಟುತ್ತಾರೆ, ದೊಡ್ಡ ನೆರೆ ಬಂದರೆ ಅದು ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ನಮ್ಮ ಲ್ಯಾಬಿನ ಸಂಕವೂ ಎರಡು ವರ್ಷ ಹಾಗೆಯೇ ಇತ್ತು. ಇಲ್ಲಿ ನೆರೆಯ ಕೆಲಸ ಮಾಡುತ್ತಿದ್ದದ್ದು ಕರೆಂಟ್.

ಅದನ್ನು ಮೊದಲು ಕಟ್ಟಿದ್ದು ಈಗ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು. ಮೆಷಿನಿಗೆ ಡೆಬಿಯನ್ ಹಾಕಿ, ಒಂಬತ್ತು ಸಾಲು ಕಮಾಂಡುಗಳನ್ನು ಒಂದು ಹಾಳೆಯಲ್ಲಿ ಬರೆದು, ಸಿಪಿಯು ಮೇಲೆ ಸೆಲ್ಲೋಟೇಪ್ ಹಚ್ಚಿ ಅಂಟಿಸಿ ಹೋಗಿದ್ದರು. ಚಂದದ ಅಕ್ಷರ. ಮೊದಲ ಸಾಲಿನಲ್ಲಿ ಬಿಆರ್0 ಎಂಬ ಹೆಸರಿನ ಬ್ರಿಡ್ಜ್ ಹುಟ್ಟಿಸುವುದು, ಆಮೇಲೆ ಮೊದಲನೆಯ ಕಾರ್ಡನ್ನು ಅದಕ್ಕೆ ಸೇರಿಸುವುದು, ಎರಡನೆಯದನ್ನು ಸೇರಿಸುವುದು, ಎಲ್ಲವನ್ನೂ 'ಅಪ್' ಮಾಡುವುದು, ಕೊನೆಗೆ ವಿಳಾಸ ಕೊಡುವುದು. ಟೈಪ್ ಮಾಡಿ ಎಂಟರ್ ಒತ್ತಿದರೆ ಲೈಬ್ರರಿಗೆ ನೆಟ್ ಬರುತ್ತಿತ್ತು. ತೊಂದರೆ ಏನೆಂದರೆ, ಹೀಗೆ ಕೈಯಲ್ಲಿ ಟೈಪ್ ಮಾಡಿ ಕಟ್ಟಿದ ಬ್ರಿಡ್ಜ್ ಇರುವುದು ಕರ್ನೆಲ್‌ನ ಮೆಮೊರಿಯಲ್ಲಿ ಮಾತ್ರ. ಡಿಸ್ಕಿನಲ್ಲಿ ಅದರ ಗುರುತೇ ಇಲ್ಲ. ಮೆಷಿನ್ ಆಫ್ ಆಗಿ ಆನ್ ಆದರೆ ಕರ್ನೆಲ್ ಮತ್ತೆ ಹೊಸದಾಗಿ ಹುಟ್ಟುತ್ತದೆ. ಅದಕ್ಕೆ ಹಿಂದಿನ ಜನ್ಮದ ಸಂಕ ನೆನಪಿರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಹೇಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಸಾಕು. ಕೆಲವು ದಿನ ಮೂರು ಸಲ, ನಾಲ್ಕು ಸಲ. ಪ್ರತಿ ಸಲವೂ ಯಾರಾದರೂ ಬಂದು ಆ ಒಂಬತ್ತು ಸಾಲು ಟೈಪ್ ಮಾಡಬೇಕು. ಸರ್ ಕ್ಲಾಸಿನಲ್ಲಿದ್ದರೆ ಅವರನ್ನು ಎಬ್ಬಿಸುವ ಹಾಗಿಲ್ಲ. ಲ್ಯಾಬ್ ಅಟೆಂಡರ್ ಕಾಕನಿಗೆ ಆ ಸ್ಕ್ರೀನಿನ ಮುಂದೆ ಕೂರುವುದೆಂದರೆ ಆಗದು. "ಕರೆಂಟ್ ಹೋದ್ರೆ ನೆಟ್ ಹೋಗ್ತದೆ, ಸರಿ. ಕರೆಂಟ್ ಬಂದ್ರೆ ನೆಟ್ ಯಾಕೆ ಬರುದಿಲ್ಲ ಮಾರಾಯ್ತಿ?" ಎಂದು ಅವರು ನನ್ನನ್ನು ಒಮ್ಮೆ ಕೇಳಿದರು. ಫ್ಯಾನ್ ಬರ್ತದೆ, ಲೈಟ್ ಬರ್ತದೆ, ಕೂಲರಿನ ನೀರು ಕೂಡ ತಣ್ಣಗಾಗ್ತದೆ, ಇದೊಂದಕ್ಕೆ ಎಂತ ದೊಡ್ಡಸ್ತಿಕೆ ಎಂದು ಅವರ ಪ್ರಶ್ನೆ. ಇಡೀ ವಿಷಯವನ್ನು ಇಷ್ಟು ಸರಿಯಾಗಿ ಇನ್ನು ಯಾರೂ ಕೇಳಿರಲಿಲ್ಲ.

ಲೈಬ್ರರಿಯ ಆ ನಾಲ್ಕು ಕಂಪ್ಯೂಟರ್ ಯಾಕೆ ಮುಖ್ಯ ಎಂದು ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಸ್ಕಾಲರ್‌ಶಿಪ್ ಅರ್ಜಿ ತುಂಬುವುದು ಅಲ್ಲಿಯೇ. ಅರ್ಜಿಗೆ ಓಟಿಪಿ ಬೇಕು. ನಮ್ಮಲ್ಲಿ ಎಷ್ಟೋ ಜನರ ಆಧಾರ್‌ಗೆ ಜೋಡಿಸಿರುವ ನಂಬರು ಗಲ್ಫಿನಲ್ಲಿರುವ ಉಪ್ಪನ ಹತ್ತಿರ. ಜುಲೈಯಲ್ಲಿ ಒಂದನೇ ಪಿಯುಸಿಯ ಹುಡುಗಿಯೊಬ್ಬಳು ನನ್ನ ಪಕ್ಕ ಕೂತಿದ್ದಳು. ಅವಳ ಉಪ್ಪ ಸೌದಿಯಲ್ಲಿ ಡ್ರೈವರ್. ಅಲ್ಲಿಯ ಗಂಟೆ ನಮಗಿಂತ ಎರಡೂವರೆ ತಾಸು ಹಿಂದೆ. ಅವರು ಗಾಡಿ ನಿಲ್ಲಿಸುವ ಹೊತ್ತು ನೋಡಿಕೊಂಡು ಇವಳು ಉಮ್ಮನಿಗೆ ಹೇಳಿ, ಉಮ್ಮ ಅವರಿಗೆ ಹೇಳಿ, ಅವರು ಓಟಿಪಿ ಓದಿ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ನೆಟ್ ಬರಲಿಲ್ಲ. ಸರ್ ಅವತ್ತು ಪರೀಕ್ಷಾ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಅವಳು ಅಳಲಿಲ್ಲ, ಬ್ಯಾಗ್ ಹಾಕಿಕೊಂಡು ಬಸ್ಸಿಗೆ ಹೋದಳು. ಅಳುತ್ತಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲವೋ ಏನೋ.

ಮರುದಿನ ಸರ್ ಹತ್ತಿರ ಹೋಗಿ, ಈ ಸಂಕ ತಾನಾಗಿ ಏಳುವ ಹಾಗೆ ಮಾಡಬಹುದಾ ಎಂದು ಕೇಳಿದೆ. "ಮಾಡಬಹುದು, ನೀನೇ ಓದಿ ಮಾಡು, ಶನಿವಾರ ಮಧ್ಯಾಹ್ನ ನಾನು ಇರುತ್ತೇನೆ" ಎಂದರು. ಎರಡು ಷರತ್ತು ಹಾಕಿದರು. ಮುಟ್ಟುವ ಪ್ರತಿ ಫೈಲಿಗೂ ಮೊದಲು ಒಂದು ನಕಲು ಇಡಬೇಕು. ಎರಡನೆಯದು, ಕೆಲಸವನ್ನು ಆ ಮೆಷಿನಿನ ಮುಂದೆಯೇ ಕೂತು ಮಾಡಬೇಕು, ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಅಲ್ಲ. ನೆಟ್‌ವರ್ಕಿನ ಮೂಲಕ ಒಳಗೆ ಹೋಗಿ ನೆಟ್‌ವರ್ಕನ್ನೇ ಬದಲಿಸುವುದೆಂದರೆ ಕೂತ ಕೊಂಬೆಯನ್ನು ಕಡಿದ ಹಾಗೆ. ವಿಳಾಸ ಕಾರ್ಡಿನಿಂದ ಬ್ರಿಡ್ಜಿಗೆ ಹಾರುವ ಕ್ಷಣದಲ್ಲಿ ಸಂಪರ್ಕ ಕಡಿದು ಹೋಗುತ್ತದೆ.

ಇಲ್ಲಿ ಬ್ರಿಡ್ಜ್ ಏನು ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು. ನಮ್ಮ ಪಾಠದಲ್ಲಿ ಹಬ್, ಸ್ವಿಚ್, ರೌಟರ್, ಗೇಟ್‌ವೇ ಎಲ್ಲ ಒಂದೊಂದು ಪ್ಯಾರಾ ಬರುತ್ತವೆ. ರೌಟರ್ ಐಪಿ ವಿಳಾಸ ನೋಡುತ್ತದೆ. ಬ್ರಿಡ್ಜ್ ಅದನ್ನು ನೋಡುವುದೇ ಇಲ್ಲ. ಅದಕ್ಕೆ ಬೇಕಾದ್ದು ಪ್ರತಿ ನೆಟ್‌ವರ್ಕ್ ಕಾರ್ಡಿನಲ್ಲಿ ಕಾರ್ಖಾನೆಯಲ್ಲೇ ಬರೆದಿರುವ ಮ್ಯಾಕ್ ವಿಳಾಸ. ಒಂದು ಫ್ರೇಮ್ ಬಂದಾಗ ಅದು ಯಾವ ಬಾಗಿಲಿನಿಂದ ಬಂತು, ಕಳಿಸಿದವರ ಮ್ಯಾಕ್ ಯಾವುದು ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅದೇ ಮ್ಯಾಕ್‌ಗೆ ಏನಾದರೂ ಬಂದರೆ ಆ ಬಾಗಿಲಿಗೆ ಮಾತ್ರ ಕಳಿಸುತ್ತದೆ. ಗೊತ್ತಿಲ್ಲದ ಮ್ಯಾಕ್ ಆದರೆ ಬಂದ ಬಾಗಿಲು ಬಿಟ್ಟು ಉಳಿದ ಎಲ್ಲದಕ್ಕೂ ಕಳಿಸುತ್ತದೆ. ಲಿನಕ್ಸಿನಲ್ಲಿ ಐದು ನಿಮಿಷ, ಅಂದರೆ 300 ಸೆಕೆಂಡು ಸದ್ದಿಲ್ಲದಿದ್ದವರ ಹೆಸರನ್ನು ಪಟ್ಟಿಯಿಂದ ತೆಗೆದುಬಿಡುತ್ತದೆ. ಬಸ್ ಕಂಡಕ್ಟರ್ ದಿನಾ ಹತ್ತುವವರ ಸ್ಟಾಪ್ ನೆನಪಿಟ್ಟುಕೊಳ್ಳುವ ಹಾಗೆ, ಯಾರೂ ಹೇಳಿಕೊಡದೆ ಕಲಿಯುತ್ತದೆ. ಲೈಬ್ರರಿಯ ಕಂಪ್ಯೂಟರಿಗೆ ನಡುವೆ ಒಂದು ಮೆಷಿನ್ ಇದೆ ಎಂಬ ಸುಳಿವೂ ಇರುವುದಿಲ್ಲ.

ಹಾಗಾದರೆ ಒಂದು ಸ್ವಿಚ್ ತಂದು ಇಟ್ಟರೆ ಆಗದಾ ಎಂದು ನೀವು ಕೇಳಬಹುದು. ಆಗುತ್ತದೆ. ನಿಜ ಹೇಳಬೇಕೆಂದರೆ ಸ್ವಿಚ್ ಅಂದರೆ ತುಂಬಾ ಬಾಗಿಲುಗಳಿರುವ ಬ್ರಿಡ್ಜ್. ಆದರೆ ಆ ಹಳೆಯ ಮೆಷಿನಿನಲ್ಲಿಯೇ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಪುಟ ಇಟ್ಟಿದ್ದಾರೆ, ಹೊರಗಿನ ನೆಟ್ ಇಲ್ಲದಿದ್ದರೂ ಎರಡೂ ಕಡೆಯವರಿಗೆ ಅದು ತೆರೆಯುತ್ತದೆ. ಸಾಲದ್ದಕ್ಕೆ, ದಾಟುವ ಫ್ರೇಮುಗಳನ್ನು ನೋಡಿ ನಾವು ಪಾಠ ಕಲಿಯಬಹುದು ಎಂಬ ಆಸೆ ಸರ್‌ಗೆ. ಸ್ವಿಚ್ಚಿನ ಹೊಟ್ಟೆ ಸೀಳಿ ನೋಡಲಿಕ್ಕೆ ಆಗುವುದಿಲ್ಲ. ಇದರದ್ದು ಆಗುತ್ತದೆ.

ನನ್ನ ಕ್ಲಾಸ್‌ಮೇಟ್ ಒಬ್ಬ ಸುಲಭದ ದಾರಿ ಹೇಳಿದ. ಆರ್‌ಸಿ ಡಾಟ್ ಲೋಕಲ್ ಎಂಬ ಫೈಲಿನಲ್ಲಿ ಆ ಒಂಬತ್ತು ಸಾಲನ್ನೂ ಹಾಗೆಯೇ ಬರೆದರೆ ಬೂಟ್ ಆಗುವಾಗ ತಾನಾಗಿ ಓಡುತ್ತದೆ. ಹೌದು, ಓಡುತ್ತದೆ. ಆದರೆ ಅದು ಓಡುವುದು ಬೂಟಿನ ಕೊನೆಯ ಭಾಗದಲ್ಲಿ. ಅಷ್ಟರಲ್ಲಿ ಸಿಸ್ಟಂ ತನ್ನ ಮಾಮೂಲು ನೆಟ್‌ವರ್ಕ್ ಫೈಲು ಓದಿ, ಒಂದು ಕಾರ್ಡಿಗೆ ನೇರವಾಗಿ ವಿಳಾಸ ಕೊಟ್ಟು ಮುಗಿಸಿರುತ್ತದೆ. ಆಮೇಲೆ ನಾವು ಹೋಗಿ ಅದನ್ನು ಕಿತ್ತು ಬ್ರಿಡ್ಜಿಗೆ ಹಾಕಬೇಕು. ಒಂದೇ ಮನೆಗೆ ಇಬ್ಬರು ಯಜಮಾನರು ಆದ ಹಾಗೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು: ನಾನು ಮಾರ್ಚ್‌ನಲ್ಲಿ ಇಲ್ಲಿಂದ ಹೋಗುತ್ತೇನೆ. ಮುಂದೆ ಬರುವವರು ನೆಟ್‌ವರ್ಕಿನ ತೊಂದರೆ ಹುಡುಕಲು ಮೊದಲು ತೆರೆಯುವುದು ನೆಟ್‌ವರ್ಕಿನ ಫೈಲನ್ನು. ಬರೆಯಬೇಕಾದ್ದೂ ಅಲ್ಲಿಯೇ.

ಡೆಬಿಯನ್‌ನಲ್ಲಿ ಆ ಫೈಲಿನ ಹೆಸರು ಇಂಟರ್‌ಫೇಸಸ್. ಇಟಿಸಿ ಫೋಲ್ಡರಿನೊಳಗೆ ನೆಟ್‌ವರ್ಕ್ ಎಂಬ ಫೋಲ್ಡರಿನಲ್ಲಿ ಇರುತ್ತದೆ. ನಮ್ಮದು ಡೆಬಿಯನ್ 12. ಅದರ ಹೆಸರು ಬುಕ್‌ವರ್ಮ್. ಡೆಬಿಯನ್‌ನವರು ತಮ್ಮ ಆವೃತ್ತಿಗಳಿಗೆಲ್ಲ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ. ಲೈಬ್ರರಿಗೆ ಸಂಕ ಹಾಕುವ ಮೆಷಿನಿನ ಹೆಸರು ಪುಸ್ತಕದ ಹುಳು ಎಂದು ತಿಳಿದಾಗ ಲೈಬ್ರರಿ ಮೇಡಂ ಬಹಳ ನಕ್ಕರು.

ಕರೆಂಟ್ ಬಂದ ಮೇಲೆ ಒಳಗೆ ನಡೆಯುವುದು ಹೀಗೆ. ಮೊದಲು ಬಯಾಸ್ ಏಳುತ್ತದೆ. ಅದು ಗ್ರಬ್ ಎಂಬ ಸಣ್ಣ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಗ್ರಬ್ ಕರ್ನೆಲ್ಲನ್ನು ಎಬ್ಬಿಸುತ್ತದೆ. ಕರ್ನೆಲ್ ಯಂತ್ರಾಂಶ ಎಲ್ಲ ಗುರುತಿಸಿ ಸಿಸ್ಟಂಡಿ ಎಂಬ ಮೊದಲನೇ ನಂಬರಿನ ಪ್ರೋಗ್ರಾಮಿಗೆ ಜವಾಬ್ದಾರಿ ಕೊಡುತ್ತದೆ. ಸಿಸ್ಟಂಡಿ ಒಂದೊಂದಾಗಿ ಸೇವೆಗಳನ್ನು ಶುರು ಮಾಡುವಾಗ ನೆಟ್‌ವರ್ಕಿಂಗ್ ಎಂಬ ಸೇವೆಯ ಸರದಿ ಬರುತ್ತದೆ. ಅದು ಇಂಟರ್‌ಫೇಸಸ್ ಫೈಲು ತೆರೆದು, 'ಆಟೋ' ಎಂದು ಬರೆದಿರುವ ಪ್ರತಿಯೊಂದನ್ನೂ ಎಬ್ಬಿಸುತ್ತದೆ. ಕಾಕನ ಪ್ರಶ್ನೆಗೆ ಉತ್ತರ ಆ ಒಂದು ಪದದಲ್ಲಿ ಇತ್ತು. ಫೈಲಿನಲ್ಲಿ ಬ್ರಿಡ್ಜಿನ ಸುದ್ದಿಯೇ ಇರಲಿಲ್ಲ, ಹಾಗಾಗಿ ಎಬ್ಬಿಸುವವರೂ ಇರಲಿಲ್ಲ.

ನಾವು ಬರೆದದ್ದು ಹೆಚ್ಚೇನಿಲ್ಲ. 'ಆಟೋ ಬಿಆರ್0' ಎಂದು ಒಂದು ಸಾಲು. ಬಿಆರ್0ದ ವಿಳಾಸ, ಮಾಸ್ಕ್, ಗೇಟ್‌ವೇ. 'ಬ್ರಿಡ್ಜ್ ಪೋರ್ಟ್ಸ್' ಎಂಬ ಪದದ ಮುಂದೆ ಎರಡು ಕಾರ್ಡುಗಳ ಹೆಸರು. ಬ್ರಿಡ್ಜ್ ಯುಟಿಲ್ಸ್ ಎಂಬ ಪ್ಯಾಕೇಜ್ ಇದ್ದರೆ ಈ ಪದಗಳೆಲ್ಲ ಆ ಫೈಲಿಗೆ ಅರ್ಥವಾಗುತ್ತವೆ. ಕಾರ್ಡುಗಳಿಗೆ 'ಮ್ಯಾನ್ಯುಯಲ್' ಎಂದು ಬರೆಯಬೇಕು, ಅಂದರೆ ಅವಕ್ಕೆ ಸ್ವಂತ ವಿಳಾಸ ಕೊಡಬಾರದು. ಇದು ನನಗೆ ತುಂಬಾ ಹಿಡಿಸಿದ ಸಂಗತಿ. ವಿಳಾಸ ಇರುವುದು ಸಂಕಕ್ಕೆ, ದಡಗಳಿಗಲ್ಲ. ಹಾಗೆ ನೋಡಿದರೆ ಸಂಕಕ್ಕೂ ವಿಳಾಸ ಬೇಕೆಂದೇನಿಲ್ಲ. ಐಪಿ ವಿಳಾಸ ಇಲ್ಲದೆಯೂ ಫ್ರೇಮುಗಳು ದಾಟುತ್ತವೆ. ನಮಗೆ ಪ್ರಶ್ನೆಪತ್ರಿಕೆಯ ಪುಟ ತೆರೆಯಬೇಕಲ್ಲ, ಅದಕ್ಕಾಗಿ ಮಾತ್ರ ಕೊಟ್ಟದ್ದು.

(ಬೇರೆ ಯುನಿಕ್ಸ್ ಕುಟುಂಬದಲ್ಲಿ ಹೇಗೆ ಎಂದೂ ಓದಿದೆ. ಓಪನ್‌ಬಿಎಸ್‌ಡಿಯಲ್ಲಿ ಹೋಸ್ಟ್‌ನೇಮ್ ಡಾಟ್ ಬ್ರಿಡ್ಜ್0 ಎಂದೇ ಒಂದು ಫೈಲು. ಒಳಗೆ ಇಂಥ ಕಾರ್ಡ್ ಸೇರಿಸು, ಇಂಥ ಕಾರ್ಡ್ ಸೇರಿಸು, ಏಳು ಎಂದು ಮೂರೇ ಸಾಲು. ಫ್ರೀಬಿಎಸ್‌ಡಿಯಲ್ಲಿ ಎಲ್ಲವೂ ಆರ್‌ಸಿ ಡಾಟ್ ಕಾನ್ಫ್ ಎಂಬ ಒಂದೇ ಫೈಲಿನಲ್ಲಿ. ಅಲ್ಲಿ ಬ್ರಿಡ್ಜನ್ನು ಎಬ್ಬಿಸಿದರೆ ಸಾಲದು, ಎರಡೂ ಕಾರ್ಡುಗಳಿಗೆ ಬೇರೆ ಬೇರೆ ಸಾಲಿನಲ್ಲಿ 'ಅಪ್' ಎಂದು ಹೇಳಬೇಕು. ನನಗೆ ಓಪನ್‌ಬಿಎಸ್‌ಡಿಯ ದಾರಿ ಹೆಚ್ಚು ಇಷ್ಟವಾಯಿತು. ಆದರೆ ಇದ್ದದ್ದನ್ನು ಬಿಟ್ಟು ಹೊಸತು ಹಾಕಲು ಪುರುಸೊತ್ತು ಇರಲಿಲ್ಲ.)

ಕಾರ್ಡುಗಳ ಹೆಸರಿನ ಬಗ್ಗೆ ಒಂದು ಮಾತು. ಹಿಂದೆ ಲಿನಕ್ಸಿನಲ್ಲಿ ಇಟಿಎಚ್0, ಇಟಿಎಚ್1 ಎಂದು ಸಿಕ್ಕ ಕ್ರಮದಲ್ಲಿ ಹೆಸರು. ಈಗ ಕಾರ್ಡ್ ಯಾವ ಬಸ್ಸಿನಲ್ಲಿ, ಯಾವ ಸ್ಲಾಟಿನಲ್ಲಿ ಕೂತಿದೆ ಎಂಬುದರ ಮೇಲೆ ಹೆಸರು. ನಮ್ಮ ಎರಡನೇ ಕಾರ್ಡ್ ಪಿಸಿಐ ಸ್ಲಾಟಿಗೆ ಸಿಕ್ಕಿಸಿದ್ದು. ಬೇಸಿಗೆ ರಜೆಯಲ್ಲಿ ಧೂಳು ತೆಗೆಯಲು ಅದನ್ನು ಬಿಚ್ಚಿ ಪಕ್ಕದ ಸ್ಲಾಟಿಗೆ ಹಾಕಿದರೆ ಹೆಸರು ಬದಲಾಗುತ್ತದೆ, ಫೈಲಿನಲ್ಲಿರುವ ಹೆಸರಿನವರು ಸಿಗುವುದಿಲ್ಲ, ಸಂಕಕ್ಕೆ ಒಂದೇ ಕಾಲು ಉಳಿಯುತ್ತದೆ. ಆದ್ದರಿಂದ ಮ್ಯಾಕ್ ನೋಡಿ ಹೆಸರಿಡುವ ಹಾಗೆ ಸಿಸ್ಟಂಡಿಗೆ ಎರಡು ಸಣ್ಣ ಲಿಂಕ್ ಫೈಲು ಬರೆದೆವು. ಲ್ಯಾಬ್ ಕಡೆಯದು ಲ್ಯಾಬ್0, ಲೈಬ್ರರಿ ಕಡೆಯದು ಲಿಬ್0. ಇನ್ನು ಯಾವ ಸ್ಲಾಟಿಗೆ ಹಾಕಿದರೂ ಹೆಸರು ಅದೇ. ಬೂಟಿನ ಆರಂಭದಲ್ಲಿ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟನ್ನು ಆಮೇಲೆ ಹೊಸದಾಗಿ ಕಟ್ಟಿಸಬೇಕು, ಯಾಕೆಂದರೆ ಹೆಸರಿಡುವ ಕೆಲಸ ಅದರೊಳಗೇ ನಡೆದುಹೋಗಬಹುದು. ನಿಜಕ್ಕೂ ಬ್ರಿಡ್ಜಿಗೆ ಯಾವುದು ಮೊದಲನೆಯದು ಯಾವುದು ಎರಡನೆಯದು ಎಂಬುದು ಮುಖ್ಯವಲ್ಲ, ಎರಡೂ ಒಳಗಿದ್ದರೆ ಸಾಕು. ಹೆಸರು ಮುಖ್ಯವಾಗುವುದು ಓದುವ ಮನುಷ್ಯರಿಗೆ.

ಹಾಳೆಯ ಒಂಬತ್ತು ಸಾಲಿನಲ್ಲಿ ನಾಲ್ಕನೆಯದು ನನಗೆ ಮೊದಲು ಅರ್ಥವಾಗಿರಲಿಲ್ಲ: 'ಎಸ್‌ಟಿಪಿ ಆನ್'. ಅದನ್ನು ಬಿಟ್ಟರೂ ನೆಟ್ ಬರುತ್ತದೆ, ಇನ್ನೂ ಬೇಗ ಬರುತ್ತದೆ. ಹಾಗಾದರೆ ಯಾಕೆ? ಉತ್ತರ ವರಾಂಡದಲ್ಲಿ ನೇತಾಡುತ್ತಿತ್ತು. ಹಿಂದೆ ಯಾವಾಗಲೋ ಲ್ಯಾಬಿನ ಸ್ವಿಚ್ಚಿನಿಂದ ಲೈಬ್ರರಿಯ ಗೋಡೆಯವರೆಗೆ ಎಳೆದು ಬಿಟ್ಟ ಇನ್ನೊಂದು ಕೇಬಲ್ ಅಲ್ಲಿ ಉಂಟು. ಅದರ ತುದಿಯ ಪ್ಲಗ್ಗನ್ನು ಯಾರಾದರೂ ಲೈಬ್ರರಿಯ ಸ್ವಿಚ್ಚಿಗೆ ಸಿಕ್ಕಿಸಿದರೆ ಎರಡು ಕಟ್ಟಡಗಳ ನಡುವೆ ಎರಡು ದಾರಿ ಆಗುತ್ತದೆ. ರಸ್ತೆಗೆ ಎರಡು ದಾರಿ ಇದ್ದರೆ ಒಳ್ಳೆಯದು. ಇಲ್ಲಿ ಹಾಗಲ್ಲ. ಎಲ್ಲರಿಗೂ ಎಂದು ಕಳಿಸಿದ ಒಂದು ಫ್ರೇಮ್ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬಂದು ಸುತ್ತುತ್ತಲೇ ಇರುತ್ತದೆ. ಐಪಿ ಪ್ಯಾಕೆಟ್ಟಿಗಿರುವ ಹಾಗೆ ಈಥರ್‌ನೆಟ್ ಫ್ರೇಮಿಗೆ ಆಯುಷ್ಯದ ಲೆಕ್ಕ ಇಲ್ಲ, ಅದು ಸಾಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎರಡೂ ಕಡೆ ಎಲ್ಲ ಸ್ಥಗಿತ.

ಇದಕ್ಕೆ ಮದ್ದು ಹುಡುಕಿದವರು ರೇಡಿಯಾ ಪರ್ಲ್‌ಮನ್. 1985ರಲ್ಲಿ, ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ. ಬ್ರಿಡ್ಜುಗಳು ಎರಡು ಸೆಕೆಂಡಿಗೊಮ್ಮೆ ಒಂದಕ್ಕೊಂದು 'ನಾನು ಇಲ್ಲಿದ್ದೇನೆ' ಎಂದು ಸಣ್ಣ ಸಂದೇಶ ಕಳಿಸುತ್ತವೆ. ಅದರಿಂದ ಸುತ್ತು ಎಲ್ಲಿದೆ ಎಂದು ತಿಳಿದು, ಬೇಡದ ಬಾಗಿಲನ್ನು ಮುಚ್ಚಿ, ಉಳಿದ ಜಾಲವನ್ನು ಸುತ್ತಿಲ್ಲದ ಒಂದು ಮರದ ಆಕಾರಕ್ಕೆ ತರುತ್ತವೆ. ಅದಕ್ಕೇ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಆ ಸಂಶೋಧನಾ ಲೇಖನದ ಸಾರಾಂಶದ ಜಾಗದಲ್ಲಿ ಅವರು ಒಂದು ಪದ್ಯ ಬರೆದರು. ಕನ್ನಡ ಮೇಡಂಗೆ ಹೇಳಿದಾಗ ಅವರಿಗೆ ಅದು ಬಹಳ ಮೆಚ್ಚುಗೆಯಾಯಿತು, ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆದರೆ ಮಾರ್ಕ್ ಕೊಡುತ್ತಾರಾ ಎಂದು ಕೇಳಿದರು.

ಸರ್ ಒಪ್ಪಿಗೆಯಿಂದ ನಾವು ಅದನ್ನು ಪರೀಕ್ಷಿಸಿಯೂ ನೋಡಿದೆವು. ಶನಿವಾರ ಎಲ್ಲರೂ ಹೋದ ಮೇಲೆ ವರಾಂಡದ ಕೇಬಲ್ಲನ್ನು ಲೈಬ್ರರಿಯ ಸ್ವಿಚ್ಚಿಗೆ ಸಿಕ್ಕಿಸಿದೆ. ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದ ಹಾಗೆ ಒಟ್ಟಿಗೆ ಮಿನುಗಿದವು. ಒಂದು, ಎರಡು ಎಣಿಸುವಷ್ಟರಲ್ಲಿ ತಣ್ಣಗಾದವು. ಲ್ಯಾಬಿಗೆ ಓಡಿ ಬಂದು ನೋಡಿದರೆ ಲಿಬ್0ದ ಮುಂದೆ 'ಬ್ಲಾಕಿಂಗ್' ಎಂದು ಬಂದಿತ್ತು. ಹಳೆಯ ಮೆಷಿನ್ ತನ್ನದೇ ಸಂದೇಶ ಇನ್ನೊಂದು ಬಾಗಿಲಿನಿಂದ ವಾಪಸ್ ಬಂದದ್ದನ್ನು ಕಂಡು, ಆ ಬಾಗಿಲು ಹಾಕಿಕೊಂಡಿತ್ತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗಳಿಗೆ ಅದು. ಎಸ್‌ಟಿಪಿ ಇರಲಿ ಎಂದು ಅಲ್ಲಿಯೇ ತೀರ್ಮಾನವಾಯಿತು.

ಆದರೆ ಅದಕ್ಕೆ ಬೆಲೆ ಉಂಟು. ಎಸ್‌ಟಿಪಿ ಆನ್ ಇದ್ದರೆ ಬ್ರಿಡ್ಜ್ ಎದ್ದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಮೊದಲು 15 ಸೆಕೆಂಡು ಸುಮ್ಮನೆ ಕೇಳುತ್ತದೆ. ಇನ್ನೂ 15 ಸೆಕೆಂಡು ಯಾರು ಎಲ್ಲಿದ್ದಾರೆ ಎಂದು ಕಲಿಯುತ್ತದೆ. ಒಟ್ಟು ಅರ್ಧ ನಿಮಿಷ. ಕರೆಂಟ್ ಬಂದಾಗ ಲೈಬ್ರರಿಯ ಕಂಪ್ಯೂಟರುಗಳೂ ಅದೇ ಹೊತ್ತಿಗೆ ಏಳುತ್ತವೆ, ಎದ್ದು ವಿಳಾಸ ಕೇಳುತ್ತವೆ. ಸಂಕ ಇನ್ನೂ ತೆರೆದಿರುವುದಿಲ್ಲ. ಉತ್ತರ ಸಿಗದೆ ವಿಂಡೋಸ್ ತನಗೆ ತಾನೇ 169.254 ಎಂದು ಶುರುವಾಗುವ ಒಂದು ವಿಳಾಸ ಹಾಕಿಕೊಂಡು ಕೂರುತ್ತದೆ, ಮತ್ತೆ ಕೇಳುವುದು ಐದು ನಿಮಿಷಕ್ಕೊಮ್ಮೆ. ಓಟಿಪಿಗೆ ಐದು ನಿಮಿಷ ಅಂದರೆ ಒಂದು ಯುಗ.

ಇಲ್ಲಿ ಗಣಿತ ಪ್ರಯೋಜನಕ್ಕೆ ಬಂತು. ಆ 15 ಸೆಕೆಂಡು ಲೆಕ್ಕ ಹಾಕಿದ್ದು ಸಾಲಾಗಿ ಏಳು ಬ್ರಿಡ್ಜುಗಳವರೆಗೆ ಇರಬಹುದಾದ ದೊಡ್ಡ ಜಾಲಗಳಿಗೆ. ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಮುಟ್ಟಬೇಕಲ್ಲ. ನಮ್ಮಲ್ಲಿ ಎಸ್‌ಟಿಪಿ ಮಾತಾಡುವ ಬ್ರಿಡ್ಜ್ ಇರುವುದು ಒಂದೇ. ನಿಯಮದ ಪ್ರಕಾರ ಈ ಕಾಯುವ ಕಾಲವನ್ನು 4 ಸೆಕೆಂಡಿನವರೆಗೆ ಇಳಿಸಬಹುದು. ಆದರೆ ಇನ್ನೆರಡು ಸಂಖ್ಯೆಗಳ ಜೊತೆ ಅದು ಹೊಂದಬೇಕು: ಕಾಯುವ ಕಾಲದಿಂದ ಒಂದು ಕಳೆದು ಎರಡರಿಂದ ಗುಣಿಸಿದರೆ ಅದು 'ಮ್ಯಾಕ್ಸ್ ಏಜ್'ಗಿಂತ ಕಡಿಮೆ ಆಗಬಾರದು; ಆ ಮ್ಯಾಕ್ಸ್ ಏಜ್, ಸಂದೇಶ ಕಳಿಸುವ ಅಂತರಕ್ಕೆ ಒಂದು ಕೂಡಿಸಿ ಎರಡರಿಂದ ಗುಣಿಸಿದ್ದಕ್ಕಿಂತ ಕಡಿಮೆ ಆಗಬಾರದು. ನಮ್ಮ ಲೆಕ್ಕದಲ್ಲಿ ನಾಲ್ಕರಿಂದ ಒಂದು ಹೋದರೆ ಮೂರು, ಎರಡರಿಂದ ಗುಣಿಸಿದರೆ 6. ಎರಡಕ್ಕೆ ಒಂದು ಸೇರಿದರೆ ಮೂರು, ಎರಡರಿಂದ ಗುಣಿಸಿದರೆ ಅದೂ 6. ಹಾಗಾದರೆ ಮ್ಯಾಕ್ಸ್ ಏಜ್ 20ರಿಂದ 6ಕ್ಕೆ ಇಳಿಯಲೇಬೇಕು, ಅದಕ್ಕಿಂತ ಆಚೆಯೂ ಇಲ್ಲ ಈಚೆಯೂ ಇಲ್ಲ. ಎರಡು ಸಾಲು ಫೈಲಿಗೆ ಸೇರಿಸಿದೆವು. ಅರ್ಧ ನಿಮಿಷ ಎಂಟು ಸೆಕೆಂಡಿಗೆ ಇಳಿಯಿತು.

ಎಲ್ಲ ಮುಗಿಸಿ, ಕಾಕನನ್ನು ಕರೆದು ಮೇನ್ ಸ್ವಿಚ್ ತೆಗೆದು ಹಾಕಲು ಹೇಳಿದೆವು. ಹಾಕಿದರು. ಫ್ಯಾನ್ ತಿರುಗಿತು, ಟ್ಯೂಬ್‌ಲೈಟ್ ಬಂತು. ಮೆಷಿನ್ ಮಾತ್ರ ಮಲಗಿಯೇ ಇತ್ತು. ಅದರ ಪವರ್ ಬಟನ್ ಯಾರಾದರೂ ಒತ್ತಬೇಕಲ್ಲ! ಬಯಾಸ್ ಒಳಗೆ, ಕರೆಂಟ್ ವಾಪಸ್ ಬಂದರೆ ತಾನಾಗಿ ಏಳಬೇಕಾ ಎಂದು ಒಂದು ಆಯ್ಕೆ ಇರುತ್ತದೆ. ಸರ್ ಅದನ್ನು ಆನ್ ಮಾಡಿದರು. ಮತ್ತೆ ಮೇನ್ ತೆಗೆದರು, ಹಾಕಿದರು. ಆಗಲೂ ಏಳಲಿಲ್ಲ. ಬಟನ್ ಒತ್ತಿ ನೋಡಿದರೆ ಕಪ್ಪು ಸ್ಕ್ರೀನಿನ ಮೇಲೆ ಒಂದು ಸಾಲು, ಮುಂದುವರಿಯಲು ಎಫ್1 ಒತ್ತಿ ಎಂದು. ಮದರ್‌ಬೋರ್ಡಿನ ನಾಣ್ಯದಂತಹ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಆ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗೆಲ್ಲ ಬಯಾಸ್ ತನ್ನ ಆಯ್ಕೆಗಳನ್ನೂ ಗಡಿಯಾರವನ್ನೂ ಮರೆತುಬಿಡುತ್ತದೆ. ಇಟಿಸಿ ಫೋಲ್ಡರಿನಲ್ಲಿ ನಾವು ಎಷ್ಟು ಚೆನ್ನಾಗಿ ಬರೆದರೂ ಅದನ್ನು ಓದುವವರು ಏಳಬೇಕಲ್ಲ. ಕಾಕ ಮಾತಾಡದೆ ಸೈಕಲ್ ತೆಗೆದುಕೊಂಡು ಪೇಟೆಗೆ ಹೋಗಿ, ವಾಚ್ ರಿಪೇರಿ ಅಂಗಡಿಯಿಂದ ಸಿಆರ್2032 ಬ್ಯಾಟರಿ ತಂದರು. ಅದರ ದುಡ್ಡನ್ನು ಅವರು ಯಾರಿಂದಲೂ ತೆಗೆದುಕೊಂಡಿಲ್ಲ.

ಬ್ಯಾಟರಿ ಹಾಕಿ, ಬಯಾಸಿನಲ್ಲಿ ಗಂಟೆ ಸರಿ ಮಾಡಿ, ಆಯ್ಕೆ ಮತ್ತೆ ಆನ್ ಮಾಡಿ, ಕೊನೆಯ ಸಲ ಮೇನ್ ತೆಗೆದು ಹಾಕಿದಾಗ ಸಂಜೆ ಐದು ಗಂಟೆ. ನಾನು ಲೈಬ್ರರಿಯಲ್ಲಿ ಕೂತಿದ್ದೆ. ಸರ್ ಲ್ಯಾಬಿನಲ್ಲಿ ಕೈ ಕಟ್ಟಿ ನಿಂತಿದ್ದರಂತೆ, ಕೀಬೋರ್ಡ್ ಮುಟ್ಟಬಾರದೆಂದು. ಒಂದು ನಿಮಿಷ ದಾಟಿದ ಮೇಲೆ ಕಂಪ್ಯೂಟರಿನ ಮೂಲೆಯಲ್ಲಿದ್ದ ಅಡ್ಡಗೀಟು ಮಾಯವಾಯಿತು. ಕಿಟಕಿಯಿಂದ ಕೂಗಿ ಹೇಳಿದೆ. ಆಚೆಯಿಂದ ಕಾಕನ "ಅಲ್‌ಹಮ್ದುಲಿಲ್ಲಾಹ್" ಕೇಳಿತು.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಡುಗು ಬಂದು ಕರೆಂಟ್ ಹೋಯಿತು. ಕಾಲು ಗಂಟೆಗೆ ಬಂತು. ನಾನು ಫಿಸಿಕ್ಸ್ ಕ್ಲಾಸಿನಲ್ಲಿದ್ದೆ, ಕಣ್ಣು ಬಾಗಿಲ ಮೇಲೆ. ಹಿಂದೆಲ್ಲ ಆಗ ಲೈಬ್ರರಿಯಿಂದ ಯಾರಾದರೂ ಓಡಿ ಬರುತ್ತಿದ್ದರು. ಅವತ್ತು ಯಾರೂ ಬರಲಿಲ್ಲ. ಊಟದ ಬಿಡುವಿನಲ್ಲಿ ಹೋಗಿ ವಿಚಾರಿಸಿದರೆ ಮೇಡಂಗೆ ಅದು ನೆನಪೇ ಇರಲಿಲ್ಲ. ಜುಲೈಯಲ್ಲಿ ಬ್ಯಾಗ್ ಹಾಕಿಕೊಂಡು ಹೋದ ಹುಡುಗಿಯ ಅರ್ಜಿ ಅಷ್ಟರಲ್ಲಿ ಕೊನೆಯ ದಿನಾಂಕದೊಳಗೆ ಸೇರಿತ್ತು. ಅವಳಿಗೆ ಈ ಮೆಷಿನಿನ ವಿಷಯ ಗೊತ್ತಿಲ್ಲ.

ಇನ್ನೂ ಕೆಲವು ಕೆಲಸ ಬಾಕಿ ಇವೆ. ಮೆಷಿನಿಗೆ ಒಂದು ಸಣ್ಣ ಯುಪಿಎಸ್ ಆದರೆ ಒಳ್ಳೆಯದು. ಏಕಾಏಕಿ ಆಫ್ ಆಗುವುದು ಡಿಸ್ಕಿಗೆ ಹಿತವಲ್ಲ, ಫೈಲ್ ಸಿಸ್ಟಮ್ಮಿನ ಜರ್ನಲ್ ಎಷ್ಟೆಂದು ಕಾಪಾಡೀತು. ವರಾಂಡದ ಕೇಬಲ್ಲಿಗೆ ಒಂದು ಚೀಟಿ ಕಟ್ಟಬೇಕು. ಫೋನಿನ ಹಾಟ್‌ಸ್ಪಾಟನ್ನೂ ಈ ಬ್ರಿಡ್ಜಿಗೆ ಸೇರಿಸಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಸುಲಭವಾಗಿ ಆಗುವುದಿಲ್ಲ, ವೈಫೈಗೆ ಗಿರಾಕಿಯಾಗಿ ಸೇರಿಕೊಂಡ ಮೆಷಿನ್ ಸಾಮಾನ್ಯವಾಗಿ ತನ್ನ ಮ್ಯಾಕ್ ಹೆಸರಿನಲ್ಲಿ ಮಾತ್ರ ಫ್ರೇಮ್ ಕಳಿಸಬಹುದು, ಬೇರೆಯವರ ಪರವಾಗಿ ಅಲ್ಲ. ಸಿಪಿಯು ಮೇಲಿನ ಹಳೆಯ ಹಾಳೆಯನ್ನು ನಾನು ತೆಗೆದಿಲ್ಲ, ಅದರ ಕೆಳಗೆ ಇಂಟರ್‌ಫೇಸಸ್ ಫೈಲಿನ ಒಂದು ಪ್ರಿಂಟ್ ಅಂಟಿಸಿದ್ದೇನೆ, ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ಅರ್ಥ ಬರೆದು. ಒಂದನೇ ಪಿಯುಸಿಯವರಲ್ಲಿ ಯಾರಿಗಾದರೂ ನೋಡಬೇಕೆಂದಿದ್ದರೆ ಶನಿವಾರ ಮಧ್ಯಾಹ್ನ ಎರಡರ ಮೇಲೆ ಲ್ಯಾಬಿಗೆ ಬನ್ನಿ, ಫೆಬ್ರವರಿಯವರೆಗೆ ನಾನು ಇರುತ್ತೇನೆ. ರೂಟ್ ಪಾಸ್‌ವರ್ಡ್ ನನ್ನ ಹತ್ತಿರ ಇಲ್ಲ, ಸರ್ ಹತ್ತಿರ ಕೇಳಬೇಕು.